ಓಡದ ಗಾಡಿಯ ಗಾಲಿಗೂ ವಯಸ್ಸಾಗುತ್ತದೆ

ಮಾಘ ಮಾಸದ ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಬೆಳಗಾವಿ, ಧಾರವಾಡ ಸೀಮೆಯ ಶರಣಬಂಧುಗಳ ಮನೆಗಳಲ್ಲಿ ಉಳವಿಯ ಮಾತೇ ಮಾತು. ಚನ್ನಬಸವಣ್ಣನವರ ಐಕ್ಯಸ್ಥಳವಾದ ಆ ಕ್ಷೇತ್ರಕ್ಕೆ ಬುತ್ತಿ ಕಟ್ಟಿಕೊಂಡು, ಎತ್ತಿನ ಗಾಡಿ ಹೂಡಿಕೊಂಡು ಕಾಡಿನ ಹಾದಿ ಹಿಡಿಯುವ ಭಕ್ತರು ಇಂದಿಗೂ ಇದ್ದಾರೆ. ಹೊರಡುವ ಮುನ್ನ ಮನೆಯ ಹಿರಿಯರು ಗಾಡಿಯನ್ನು ಒಮ್ಮೆ ಸುತ್ತಿ ಬರುತ್ತಾರೆ. ಅಚ್ಚಿಗೆ ಕೀಲೆಣ್ಣೆ ಹಾಕಿಸುತ್ತಾರೆ. ಗಾಲಿಯ ಕಬ್ಬಿಣದ ಹಳಿ ಸಡಿಲಾಗಿದೆಯೇ ಎಂದು ಬಡಿದು ನೋಡುತ್ತಾರೆ. ಬಹಳ ದಿನ ಬಿಸಿಲಿನಲ್ಲಿ ನಿಂತ ಗಾಡಿಯ ಕಟ್ಟಿಗೆ ಒಣಗಿ ಕುಗ್ಗುತ್ತದೆ, ಹಳಿ ಜಾರುವ ಸಂಭವವುಂಟು. ಅದಕ್ಕೆಂದೇ ಗಾಲಿಯನ್ನು ನೀರಿನಲ್ಲಿ ನೆನೆಹಾಕುವ ವಾಡಿಕೆ ಬಂದಿತು. ದಿನವೂ ದುಡಿಯುವ ಗಾಲಿಗಿಂತ ಸುಮ್ಮನೆ ನಿಂತ ಗಾಲಿಯನ್ನೇ ಹೆಚ್ಚು ಸಂಶಯದಿಂದ ನೋಡಬೇಕೆಂಬುದು ನಮ್ಮ ರೈತರಿಗೆ ತಲೆಮಾರುಗಳಿಂದ ತಿಳಿದ ಸಂಗತಿ. ಮನೆಯ ಮುಂದೆ ನಿಂತ ಕಾರಿನ ವಿಷಯದಲ್ಲಿ ಮಾತ್ರ ನಾವು ಅದನ್ನು ಮರೆತಿದ್ದೇವೆ.

ಲೋಂಡಾ ಎಂದರೆ ಬಹಳ ಜನರಿಗೆ ರೈಲು ಬದಲಿಸುವ ಊರು. ಬೆಳಗಾವಿಯ ಕಡೆಯಿಂದ, ಅಳ್ನಾವರ-ಧಾರವಾಡದ ಕಡೆಯಿಂದ, ಕ್ಯಾಸಲ್‌ರಾಕ್ ದಾಟಿ ಗೋವೆಯ ಕಡೆಯಿಂದ ಬರುವ ರೈಲುಮಾರ್ಗಗಳು ಅಲ್ಲಿ ಕೂಡುತ್ತವೆ. ಖಾನಾಪುರ ತಾಲೂಕಿನ ಕಾಡಂಚಿನ ಆ ಊರಿನಲ್ಲಿ ನಮ್ಮ ಕಾಕಾ ಅವರ ಮನೆಯಿದೆ. ರೈಲ್ವೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ಅವರು ಅಲ್ಲಿಯೇ ನೆಲೆಸಿದರು. ಮಕ್ಕಳು ಪುಣೆಯಲ್ಲೊಬ್ಬರು, ಬೆಂಗಳೂರಿನಲ್ಲೊಬ್ಬರು. ಅಂಗಳದ ತಗಡಿನ ಶೆಡ್ಡಿನಲ್ಲಿ 2013ರಲ್ಲಿ ಕೊಂಡ ಚಿಕ್ಕ ಕಾರೊಂದು ನಿಂತಿದೆ. ದೂರದ ಊರುಗಳಿಗೆ ರೈಲು ಇದ್ದೇ ಇದೆ. ಕಾರು ಹೊರಬೀಳುವುದು ಖಾನಾಪುರದ ಸಂತೆಗೆ, ಕಾಕೂ ಅವರನ್ನು ಬೆಳಗಾವಿಯ ವೈದ್ಯರಲ್ಲಿಗೆ ಕರೆದೊಯ್ಯಲು, ವರ್ಷಕ್ಕೊಮ್ಮೆ ರಾಮನಗರ, ಜೋಯಿಡಾ, ಕುಂಬಾರವಾಡಾ ಮಾರ್ಗವಾಗಿ ಉಳವಿಗೆ. ಮಳೆಗಾಲದ ನಾಲ್ಕು ತಿಂಗಳು ಅದರ ಮೇಲಿನ ಹೊದಿಕೆಯನ್ನು ಸರಿಸುವವರೇ ಇಲ್ಲ. ಹನ್ನೆರಡು ವರ್ಷಗಳಲ್ಲಿ ಓಡಿದ್ದು 24,000 ಕಿಲೋಮೀಟರು ಮಾತ್ರ. ಇಂತಹ ಕಾರುಗಳು ನಮ್ಮ ಬಂಧುಗಳ ಎಷ್ಟು ಮನೆಗಳಲ್ಲಿವೆಯೆಂಬುದನ್ನು ಓದುಗರು ತಾವೇ ಎಣಿಸಿಕೊಳ್ಳಬಹುದು.

2025ರ ಜಾತ್ರೆಗೆ ಹದಿನೈದು ದಿನ ಮೊದಲು ನಾವು ಲೋಂಡಾಕ್ಕೆ ಹೋದಾಗ ಟೈರಿನ ಮಾತು ತೆಗೆದೆವು. ಕಾಕಾ ಅವರಿಗೆ ಅದು ರುಚಿಸಲಿಲ್ಲ. ಮುಂದಿನ ಗಾಲಿಯ ಬಳಿ ಕುಳಿತು, ಮೆಕ್ಯಾನಿಕ್ಕರು ‘ಬಟನ್’ ಎಂದು ಕರೆಯುವ, ನೆಲ ಹಿಡಿಯುವ ಉಬ್ಬುಗಳ ಮೇಲೆ ಬೆರಳಾಡಿಸಿ, “ನೋಡಪಾ, ಅರ್ಧಾನೂ ಸವದಿಲ್ಲ. ಹೂವಿನಂಗ ಇಟ್ಟೇನಿ. ಇದನ್ನ ತೆಗೆದು ಒಗಿ ಅಂತೀಯಲ್ಲ, ರೊಕ್ಕಾ ಏನು ಗಿಡದಾಗ ಬೆಳೀತೈತೇನು?” ಎಂದರು. ಅವರ ಮಾತಿನಲ್ಲಿ ತಪ್ಪೇನೂ ಕಾಣುವುದಿಲ್ಲ. ವಸ್ತುವನ್ನು ಸವೆಯುವವರೆಗೆ ಬಳಸಬೇಕು, ಹಾಳುಮಾಡಬಾರದೆಂಬ ಸಂಸ್ಕಾರದಲ್ಲಿ ಬೆಳೆದ ತಲೆಮಾರು ಅದು. ಕಾನೂನೂ ಅವರ ಪಕ್ಷದಲ್ಲಿಯೇ ನಿಲ್ಲುತ್ತಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕಾರಿನ ಬಟನ್ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆನ್ನುತ್ತವೆ. ಆ ನಿಯಮ ಅಳೆಯುವುದು ಸವೆತವನ್ನು, ವಯಸ್ಸನ್ನಲ್ಲ.

ನಾವು ಹಟ ಹಿಡಿಯಲು ಕಾರಣವಿತ್ತು. 2019ರ ಮೇ ತಿಂಗಳಿನಲ್ಲಿ ನಮ್ಮದೇ ಮನೆಯ ಹಳೆಯ ಕಾರಿನಲ್ಲಿ ತಾಯಿಯವರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಬೆಳಗಾವಿಯಿಂದ ಗೋವೆಗೆ ಹೊರಟಿದ್ದೆವು. ಆ ಕಾರೂ ವಾರಕ್ಕೊಮ್ಮೆ ಓಡುವಂಥದ್ದು. ರಾಮನಗರ ದಾಟಿದ ಮೇಲೆ ಹಿಂದಿನ ಎಡಗಾಲಿಗೆ ಚೂಪುಗಲ್ಲು ತಾಗಿ ಟೈರು ಸೀಳಿತು. ಚಿಂತೆಯೇನು, ಡಿಕ್ಕಿಯಲ್ಲಿ ಒಮ್ಮೆಯೂ ನೆಲ ಮುಟ್ಟದ ಸ್ಟೆಪ್ನಿ ಇದೆಯಲ್ಲ! ಹೊಚ್ಚಹೊಸದು, ಅಚ್ಚಿನಿಂದ ಬಂದ ಸಣ್ಣ ರಬ್ಬರು ಕೂದಲುಗಳೂ ಅದರ ಮೇಲೆ ಹಾಗೆಯೇ ಇದ್ದವು. ಅದನ್ನು ಹಾಕಿಕೊಂಡು ಅನಮೋಡ ಘಟ್ಟ ಇಳಿದೆವು. ಮೊಲೆಮ್ ದಾಟಿ ನೇರ ರಸ್ತೆಗೆ ಬಿದ್ದು ವೇಗ ಹಿಡಿದ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಯಾರೋ ಬಡಿಯುತ್ತಿರುವಂತೆ ಸದ್ದು. ಕಾರು ಒಂದು ಬದಿಗೆ ಎಳೆಯಿತು. ನಿಲ್ಲಿಸಿ ನೋಡಿದರೆ ಆ ‘ಹೊಸ’ ಟೈರಿನ ಮೇಲ್ಪದರ ಬಾಳೆಹಣ್ಣಿನ ಸಿಪ್ಪೆಯಂತೆ ಅರ್ಧ ಸುತ್ತು ಸುಲಿದು ನೇತಾಡುತ್ತಿತ್ತು. ಯಾರಿಗೂ ಏನೂ ಆಗಲಿಲ್ಲ. ಘಟ್ಟದ ತಿರುವಿನಲ್ಲಿ ಆಗಿದ್ದರೆ ಎಂಬ ಯೋಚನೆ ಮಾತ್ರ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಆ ಸ್ಟೆಪ್ನಿಗೆ ಆಗ ಹನ್ನೊಂದು ವರ್ಷ ತುಂಬಿತ್ತೆಂಬುದು ಆಮೇಲೆ ತಿಳಿಯಿತು.

(ಸ್ಟೆಪ್ನಿ ಎಂಬ ಪದದ ಕಥೆ ಸ್ವಾರಸ್ಯಕರವಾಗಿದೆ. ವೇಲ್ಸ್ ದೇಶದ ಲನೆಲ್ಲಿ ಎಂಬ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ಟಾಮ್ ಡೇವಿಸ್ ಎಂಬುವರು 1904ರಲ್ಲಿ ಹೆಚ್ಚುವರಿ ಗಾಲಿಯೊಂದನ್ನು ನಿರ್ಮಿಸಿದರು. ಬೀದಿಯ ಹೆಸರೇ ಗಾಲಿಗೆ ಬಂದಿತು. ನಮ್ಮ ದೇಶದ ಪ್ರತಿಯೊಂದು ಪಂಕ್ಚರ್ ಅಂಗಡಿಯಲ್ಲಿಯೂ ಆ ಹೆಸರು ಇಂದಿಗೂ ಬದುಕಿದೆ.)

ಓಡದಿದ್ದರೂ ಟೈರು ಹಾಳಾಗುವುದೇಕೆ? ರಬ್ಬರು ಕಬ್ಬಿಣದಂತಲ್ಲ, ಗಾಳಿ, ಬಿಸಿಲು, ಶಾಖಗಳೊಡನೆ ಅದು ಪ್ರತಿಕ್ಷಣ ಬದಲಾಗುತ್ತಲೇ ಇರುತ್ತದೆ. ನೆಲಮಟ್ಟದ ಗಾಳಿಯಲ್ಲಿಯೂ ಅತ್ಯಲ್ಪ ಪ್ರಮಾಣದಲ್ಲಿರುವ ಓಝೋನ್ ಅನಿಲವು ರಬ್ಬರಿನ ಅಣುಗಳ ಕೊಂಡಿಗಳನ್ನು ಕಡಿಯುತ್ತದೆ. ಹೊರಮೈಯಲ್ಲಿ ಕೂದಲೆಳೆಯಂತಹ ಬಿರುಕುಗಳು ಮೂಡುವುದು ಇದರಿಂದಲೇ. ಇದನ್ನು ತಡೆಯಲೆಂದು ತಯಾರಕರು ರಬ್ಬರಿನೊಳಗೆ ಮೇಣವನ್ನೂ ಕೆಲವು ರಕ್ಷಕ ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಗಾಲಿ ಉರುಳಿ, ಟೈರು ಬಾಗಿ ಬಳುಕಿದಂತೆಲ್ಲ ಈ ಮೇಣ ಒಳಗಿನಿಂದ ಮೇಲ್ಮೈಗೆ ಬಂದು ತೆಳುವಾದ ಪೊರೆಯಾಗಿ ನಿಲ್ಲುತ್ತದೆ. ನಿಂತ ಕಾರಿನ ಟೈರು ಬಳುಕುವುದೇ ಇಲ್ಲ. ಹೊಸ ಪೊರೆ ಬರುವುದು ನಿಧಾನವಾಗುತ್ತದೆ. ಆದುದರಿಂದಲೇ ದಿನವೂ ಓಡುವ ಬಾಡಿಗೆ ಗಾಡಿಯ ಟೈರು ಬಟನ್ ಸವೆದು ಹೋದರೆ, ಶೆಡ್ಡಿನಲ್ಲಿ ನಿಂತ ಕಾರಿನ ಟೈರು ಬಟನ್ ಇರುವಂತೆಯೇ ಮುದಿಯಾಗುತ್ತದೆ.

ಇದು ಹೊರಗಿನ ಮಾತಾಯಿತು. ಒಳಗಿನದು ಇನ್ನೂ ಕಪಟವಾದದ್ದು. ಇಂದಿನ ಕಾರು ಟೈರಿನಲ್ಲಿ ಬಟನ್‌ನ ಕೆಳಗೆ ಉಕ್ಕಿನ ತಂತಿಗಳ ಪಟ್ಟಿಗಳಿರುತ್ತವೆ. ಅವುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ರಬ್ಬರಿನ ತೆಳುಪದರ. ಟೈರಿನೊಳಗಿನ ಗಾಳಿ ಒತ್ತಡದಲ್ಲಿರುವುದರಿಂದ ಅದರ ಆಮ್ಲಜನಕ ಎಡೆಬಿಡದೆ ರಬ್ಬರಿನ ಮೂಲಕ ಹೊರಮುಖವಾಗಿ ಸೋರುತ್ತದೆ. ದಾರಿಯಲ್ಲಿ ಆ ತೆಳುಪದರವನ್ನು ಗಡಸುಗೊಳಿಸಿ, ಅದರ ಹಿಡಿತವನ್ನು ಕುಂದಿಸುತ್ತದೆ. ಶಾಖ ಹೆಚ್ಚಿದಂತೆ ಈ ಕ್ರಿಯೆ ವೇಗವಾಗುತ್ತದೆ. ಸ್ಟೆಪ್ನಿಯೊಳಗೂ ಗಾಳಿ ತುಂಬಿಯೇ ಇರುವುದರಿಂದ ಡಿಕ್ಕಿಯ ಕತ್ತಲೆಯಲ್ಲಿ ಮಲಗಿದ ಅದಕ್ಕೂ ಇದು ತಪ್ಪಿದ್ದಲ್ಲ. ಮೇಲೆ ಒಂದು ಬಿರುಕೂ ಇಲ್ಲದ ಟೈರು ಒಳಗೆ ಪದರ ಬಿಡುತ್ತಿರಬಹುದು. ಊರೊಳಗೆ ಮೂವತ್ತರ ವೇಗದಲ್ಲಿ ಅದು ಗೊತ್ತಾಗುವುದಿಲ್ಲ. ಐದು ಜನ, ಬುತ್ತಿಗಂಟು, ಹಾಸಿಗೆ ಹೊದಿಕೆ ಹೇರಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಹೆದ್ದಾರಿಯ ವೇಗ ಹಿಡಿದಾಗಲೇ ಟೈರು ಕಾಯುತ್ತದೆ, ಆಗಲೇ ಪದರ ಬಿಡುತ್ತದೆ. ವರ್ಷವೆಲ್ಲ ನಿಂತ ಕಾರನ್ನು ನಾವು ಹೊರತೆಗೆಯುವುದು ಇಂತಹ ಪ್ರಯಾಣಕ್ಕೇ ಎಂಬುದನ್ನು ಗಮನಿಸಬೇಕು.

ಟೈರಿನ ಜನ್ಮದಿನಾಂಕವನ್ನು ಅದರ ಮೈಮೇಲೆಯೇ ಬರೆದಿರುತ್ತಾರೆ. ಪಕ್ಕೆಯ ಮೇಲೆ, ಸಾಮಾನ್ಯವಾಗಿ ಅಂಡಾಕಾರದ ಚಿಕ್ಕ ಚೌಕಟ್ಟಿನೊಳಗೆ, ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ವರ್ಷದ ಎಷ್ಟನೆಯ ವಾರವೆಂಬುದನ್ನೂ ಕೊನೆಯ ಎರಡು ಯಾವ ವರ್ಷವೆಂಬುದನ್ನೂ ಸೂಚಿಸುತ್ತವೆ. 3617 ಎಂದಿದ್ದರೆ 2017ರ 36ನೆಯ ವಾರ, ಎಂದರೆ ಸೆಪ್ಟೆಂಬರ್ ತಿಂಗಳ ಆರಂಭ. 2000ಕ್ಕಿಂತ ಮೊದಲಿನ ಟೈರುಗಳಲ್ಲಿ ಮೂರೇ ಅಂಕಿಗಳಿರುತ್ತಿದ್ದವು. ಅಂತಹದು ಯಾರ ಮನೆಯಲ್ಲಾದರೂ ಉಳಿದಿದ್ದರೆ ಬೇರೆ ವಿಚಾರವೇ ಬೇಡ. ಎಷ್ಟೋ ಟೈರುಗಳಲ್ಲಿ ಈ ಅಂಕಿ ಒಂದೇ ಪಕ್ಕೆಯ ಮೇಲಿರುತ್ತದೆ, ಅದೂ ಕಾರಿನ ಒಳಬದಿಗೆ ತಿರುಗಿರುತ್ತದೆ. ಟಾರ್ಚು ಹಿಡಿದು ಕಾರಿನ ಕೆಳಗೆ ಇಣುಕಬೇಕಾದೀತು. ಕಾರು ಕೊಂಡ ವರ್ಷವನ್ನು ಟೈರಿನ ವರ್ಷವೆಂದು ಭಾವಿಸಬಾರದು. ಹೊಸ ಟೈರು ಕೊಳ್ಳುವಾಗಲೂ ಹಣ ಕೊಡುವ ಮೊದಲು ಈ ಅಂಕಿಯನ್ನು ಓದಬೇಕು. ಅಂಗಡಿಯ ಅಟ್ಟದ ಮೇಲೆ ಎರಡು ವರ್ಷ ಕುಳಿತ ಟೈರು ಎರಡು ವರ್ಷ ಹಳೆಯದೇ. ಇನ್ನು ರಸ್ತೆಬದಿಯಲ್ಲಿ ಅಗ್ಗಕ್ಕೆ ಸಿಗುವ ಬಳಸಿದ ಟೈರು, ರಿಸೋಲ್ ಮಾಡಿದ ಟೈರುಗಳನ್ನು ಮನೆಮಂದಿ ಕೂಡುವ ಕಾರಿಗೆ ಹಾಕಿಸುವುದು ಬೇಡವೆಂಬುದು ನಮ್ಮ ಖಚಿತ ಅಭಿಪ್ರಾಯ.

ಹಾಗಾದರೆ ಎಷ್ಟು ವರ್ಷಕ್ಕೆ ತೆಗೆಯಬೇಕು? ಈ ಪ್ರಶ್ನೆಗೆ ತಜ್ಞರಲ್ಲಿ ಏಕಾಭಿಪ್ರಾಯವಿಲ್ಲ. ಕೆಲವು ಕಾರು ತಯಾರಕರು ಆರು ವರ್ಷಕ್ಕೆ ಬದಲಿಸಿ ಎನ್ನುತ್ತಾರೆ. ಮಿಶೆಲಿನ್‌ನಂತಹ ಟೈರು ತಯಾರಕರು ಐದು ವರ್ಷದ ನಂತರ ಪ್ರತಿವರ್ಷ ಬಲ್ಲವರಿಂದ ಪರೀಕ್ಷೆ ಮಾಡಿಸಿ, ಹತ್ತು ವರ್ಷ ತುಂಬಿದ ಮೇಲೆ ನೋಟಕ್ಕೆ ಚೆನ್ನಾಗಿದ್ದರೂ ಸ್ಟೆಪ್ನಿ ಸಹಿತ ತೆಗೆದುಬಿಡಿ ಎನ್ನುತ್ತಾರೆ. ಹತ್ತರ ಆಚೆಗೆ ಹೋಗಬಹುದೆಂದು ಹೇಳುವ ತಯಾರಕರು ನಮ್ಮ ಕಣ್ಣಿಗೆ ಬಿದ್ದಿಲ್ಲ.

ಆ ಗಡಿಯನ್ನು ಲಘುವಾಗಿ ಕಾಣುವವರು ಇಂಗ್ಲೆಂಡಿನ ಒಂದು ಘಟನೆಯನ್ನು ಕೇಳಬೇಕು. 2012ರ ಸೆಪ್ಟೆಂಬರಿನಲ್ಲಿ ಸಂಗೀತೋತ್ಸವವೊಂದರಿಂದ ಮರಳುತ್ತಿದ್ದ ಯುವಕರ ಬಸ್ಸು ಸರ್ರೆ ಪ್ರಾಂತದ ಹೈಂಡ್‌ಹೆಡ್ ಬಳಿ ಮುಂದಿನ ಟೈರು ಒಡೆದು ಮರಕ್ಕೆ ಬಡಿಯಿತು. ಚಾಲಕರೂ ಇಬ್ಬರು ಪ್ರಯಾಣಿಕರೂ ಅಸುನೀಗಿದರು. ಅವರಲ್ಲೊಬ್ಬ ಮೈಕೆಲ್ ಮೊಲಾಯ್, ವಯಸ್ಸು 18. ಒಡೆದ ಆ ಟೈರಿಗೆ ಹತ್ತೊಂಬತ್ತೂವರೆ ವರ್ಷ! ಆ ಮಗುವಿಗಿಂತ ಟೈರು ಹಿರಿಯದಾಗಿತ್ತು. ಆದರೂ ಅಂದಿನ ಕಾನೂನಿನ ಪ್ರಕಾರ ಅದನ್ನು ಬಳಸುವುದು ಅಪರಾಧವಾಗಿರಲಿಲ್ಲ. ತಾಯಿ ಫ್ರಾನ್ಸಿಸ್ ಮೊಲಾಯ್ ಅವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ವರ್ಷಗಟ್ಟಲೆ ಸರಕಾರದ ಬಾಗಿಲು ತಟ್ಟಿದರು. 2021ರ ಫೆಬ್ರುವರಿ 1ರಿಂದ ಅಲ್ಲಿ ಬಸ್ಸು, ಲಾರಿಗಳ ಮುಂದಿನ ಗಾಲಿಗಳಿಗೆ ಹತ್ತು ವರ್ಷ ಮೀರಿದ ಟೈರನ್ನು ಬಳಸುವುದು ನಿಷಿದ್ಧವಾಯಿತು.

ಅಪರೂಪಕ್ಕೆ ಓಡುವ ಕಾರಿನ ಉದಾಹರಣೆ ಬೇಕೆಂದರೆ 2013ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಟ ಪಾಲ್ ವಾಕರ್ ಮೃತಪಟ್ಟ ಅಪಘಾತವಿದೆ. ಅತಿವೇಗವೇ ಕಾರಣವೆಂದು ತನಿಖೆ ಹೇಳಿತು, ಸರಿಯೇ. ಆದರೆ ಆ ಬೆಲೆಬಾಳುವ ಪೋರ್ಶೆ ಕಾರಿನ ಟೈರುಗಳು ಒಂಬತ್ತು ವರ್ಷ ಹಳೆಯವಾಗಿದ್ದು, ಕಾರಿನ ಹಿಡಿತವನ್ನು ಅವೂ ಕುಂದಿಸಿದ್ದವೆಂದು ತನಿಖಾಧಿಕಾರಿಗಳು ಗುರುತಿಸಿದರು. ಕೋಟಿಗಟ್ಟಲೆ ಬೆಲೆಯ ಕಾರಾದರೇನು, ರಬ್ಬರಿಗೆ ಸಿರಿವಂತರೆಂಬ ಮುಲಾಜಿಲ್ಲ.

ನಾವು ನಮ್ಮ ಮನೆಗೆ ಹಾಕಿಕೊಂಡ ಲೆಕ್ಕ ಹೀಗಿದೆ. ಐದು ವರ್ಷದವರೆಗೆ ಗಾಳಿ ನೋಡಿಕೊಂಡು, ಗಾಯಗಳನ್ನು ಗಮನಿಸಿಕೊಂಡು ನಿಶ್ಚಿಂತೆಯಿಂದಿರಬಹುದು. ಆರನೆಯ ವರ್ಷದಿಂದ ಪ್ರತಿ ಬೇಸಿಗೆಯ ಮೊದಲು ಟೈರನ್ನು ರಿಮ್ಮಿನಿಂದ ಬಿಚ್ಚಿಸಿ ಒಳಮೈಯನ್ನೂ ನೋಡಿಸಬೇಕು. ಏಳೆಂಟು ವರ್ಷ ದಾಟಿದ ಟೈರು ಊರೊಳಗಿನ ಓಡಾಟಕ್ಕಾದರೆ ಸರಿ. ತುಂಬಿದ ಕಾರಿನಲ್ಲಿ ದೂರ ಹೋಗುವುದಿದ್ದರೆ ಬದಲಿಸಿಯೇ ಹೊರಡಬೇಕು. ನಮ್ಮ ಬಯಲುಸೀಮೆಯ ಏಪ್ರಿಲ್, ಮೇ ತಿಂಗಳ ಬಿಸಿಲನ್ನು ನೆನೆದರೆ ಈ ಲೆಕ್ಕ ಅತಿಯೆನಿಸದು. 2000ದಲ್ಲಿ ಅಮೆರಿಕೆಯಲ್ಲಿ ಫೈರ್‌ಸ್ಟೋನ್ ಕಂಪನಿಯ ಲಕ್ಷಾಂತರ ಟೈರುಗಳನ್ನು ಮರಳಿ ಕರೆಸಿಕೊಂಡಾಗಲೂ, ಮೇಲ್ಪದರ ಕಿತ್ತುಬಂದ ಪ್ರಕರಣಗಳು ಹೆಚ್ಚಾಗಿ ಕಂಡದ್ದು ಟೆಕ್ಸಾಸ್, ಅರಿಜೋನಾ, ಫ್ಲಾರಿಡಾಗಳಂತಹ ಬಿಸಿನಾಡುಗಳಲ್ಲಿಯೇ. ಹತ್ತು ವರ್ಷ ತುಂಬಿದರೆ ಬಟನ್ ಎಷ್ಟೇ ಇರಲಿ, ಕಾರಿನಿಂದ ಇಳಿಸಿಬಿಡಬೇಕು.

ವರ್ಷ ಕಡಿಮೆಯಿದ್ದರೂ ಟೈರು ತಾನೇ ಹೇಳುವ ಲಕ್ಷಣಗಳುಂಟು. ಬರಿಗಣ್ಣಿಗೆ ಕಷ್ಟಪಟ್ಟು ಕಾಣುವ ಕೂದಲೆಳೆಯ ಗೆರೆಗಳಿಗೆ ಗಾಬರಿಯಾಗಬೇಕಿಲ್ಲ. ಉಗುರಿನ ಅಂಚು ಇಳಿಯುವಷ್ಟು ಬಿರುಕು ಪಕ್ಕೆಯಲ್ಲಾಗಲಿ ಬಟನ್‌ಗಳ ನಡುವಿನ ತಗ್ಗಿನಲ್ಲಾಗಲಿ ಕಂಡರೆ, ಅಥವಾ ಒಳಗಿನ ದಾರವೇ ಇಣುಕಿದರೆ ತಡಮಾಡಬಾರದು. ಪಕ್ಕೆಯಲ್ಲಿ ಗುಳ್ಳೆಯೆದ್ದರೆ ಅದರ ಮೇಲೆ ಒಂದು ಮೈಲಿಯನ್ನೂ ಓಡಿಸಬಾರದು. ತಿಂಗಳುಗಟ್ಟಲೆ ನಿಂತ ಕಾರನ್ನು ಹೊರತೆಗೆದಾಗ ಮೊದಲ ಕೆಲವು ಕಿಲೋಮೀಟರು ಸ್ಟೇರಿಂಗು ನಡುಗುವುದು ಸಹಜ. ನೆಲಕ್ಕೆ ಒತ್ತಿಕೊಂಡ ಭಾಗ ಚಪ್ಪಟೆಯಾಗಿರುತ್ತದೆ, ಟೈರು ಬೆಚ್ಚಗಾದಂತೆ ಸರಿಹೋಗುತ್ತದೆ. ಬೆಚ್ಚಗಾದ ಮೇಲೂ ನಡುಕ ನಿಲ್ಲದಿದ್ದರೆ, ಅಥವಾ ದಿನದಿಂದ ದಿನಕ್ಕೆ ಹೆಚ್ಚಿದರೆ, ಒಳಗೆ ಪದರ ಬಿಡುತ್ತಿದೆಯೆಂದು ಶಂಕಿಸಬೇಕು. ಬಿರುಕು ಇಲ್ಲವೆಂಬುದು ಮಾತ್ರ ಆರೋಗ್ಯದ ಪ್ರಮಾಣಪತ್ರವಲ್ಲ. ನಮ್ಮ ಸ್ಟೆಪ್ನಿಯ ಮೇಲೆ ಒಂದು ಗೆರೆಯೂ ಇರಲಿಲ್ಲ.

ನಿಲ್ಲಿಸುವ ರೀತಿಯಿಂದಲೂ ಆಯುಷ್ಯ ಹೆಚ್ಚುಕಡಿಮೆಯಾಗುತ್ತದೆ. ಸುಮ್ಮನೆ ನಿಂತರೂ ಟೈರು ತಿಂಗಳಿಗೆ ಒಂದೆರಡು ಪೌಂಡು ಹವಾ ಕಳೆದುಕೊಳ್ಳುತ್ತದೆ. ಮಳೆಗಾಲವಿಡೀ ನಿಂತ ಕಾರಿನಲ್ಲಿ ಐದಾರು ಪೌಂಡು ಇಳಿದಿದ್ದರೆ ಅಚ್ಚರಿಯಿಲ್ಲ. ಹವಾ ಕಡಿಮೆಯಿದ್ದ ಟೈರು ಓಡುವಾಗ ಹೆಚ್ಚು ಬಳುಕಿ ಹೆಚ್ಚು ಕಾಯುತ್ತದೆ. ಹದಿನೈದು ದಿನಕ್ಕೊಮ್ಮೆ ನಾಲ್ಕಾರು ಕಿಲೋಮೀಟರು ಓಡಿಸಿ ತಂದರೆ ಬ್ಯಾಟರಿಗೂ ಒಳ್ಳೆಯದು, ಟೈರಿಗೂ ಒಳ್ಳೆಯದು. ಗಾಲಿಯ ಮೇಲೆ ನೇರ ಬಿಸಿಲು ಬೀಳದಂತೆ ಗೋಣಿತಾಟು ಕಟ್ಟಬಹುದು. ಕಿಡಿ ಹಾರುವ ಮೋಟಾರು, ವೆಲ್ಡಿಂಗು ಇರುವ ಶೆಡ್ಡಿನಲ್ಲಿ ಕಾರು ನಿಲ್ಲಿಸದಿರುವುದು ಲೇಸು. ಅಲ್ಲಿ ಓಝೋನ್ ಹುಟ್ಟುತ್ತದೆ. ಹೊಳಪು ಬರಲೆಂದು ಹಳೆಯ ಇಂಜಿನ್ ಎಣ್ಣೆ, ಡೀಸೆಲ್ ಒರೆಸುವ ಚಟ ನಮ್ಮ ಕಡೆ ಬಹಳ. ಅದು ರಬ್ಬರನ್ನು ಕೆಡಿಸುತ್ತದೆ. ನೀರು, ಸಾಬೂನು ಸಾಕು.

ಮತ್ತೆ ಲೋಂಡಾಕ್ಕೆ ಬರೋಣ. ಮಾತಿಗೆ ಬಗ್ಗದ ಕಾಕಾ ಅವರ ಕೈಗೆ ನಾವು ಟಾರ್ಚು ಕೊಟ್ಟೆವು. ಜೀವಮಾನವೆಲ್ಲ ರೈಲ್ವೆಯ ರಜಿಸ್ಟರುಗಳಲ್ಲಿ ದಿನಾಂಕ ಬರೆದವರಿಗೆ ಅಂಕಿಯ ಮೇಲೆ ವಿಶ್ವಾಸ ಹೆಚ್ಚು. ಗೋಣಿಚೀಲ ಹಾಸಿ ಕಾರಿನ ಕೆಳಗೆ ಇಣುಕಿ ಒಂದೊಂದನ್ನೇ ಓದಿದರು. ಮೂರು ಗಾಲಿಗಳಲ್ಲಿ 4812. ಡಿಕ್ಕಿಯ ಸ್ಟೆಪ್ನಿಯಲ್ಲಿಯೂ ಅದೇ. ಎಂದರೆ 2012ರ ನವೆಂಬರಿನ ಕೊನೆ. ಹಿಂದೊಮ್ಮೆ ಪಕ್ಕೆ ಸೀಳಿದಾಗ ಹೊಸದಾಗಿ ಹಾಕಿಸಿದ ಒಂದೇ ಟೈರು 1119. ಮೈಕೊಡವಿಕೊಂಡು ಎದ್ದವರು ಬಹಳ ಹೊತ್ತು ಮಾತಾಡಲಿಲ್ಲ. “ಮೊಮ್ಮಗ ಹುಟ್ಟೂಕಿಂತ ಮೊದಲಿಂದು” ಎಂದರು, ಕಡೆಗೆ. ಹಿರಿಯ ಮೊಮ್ಮಗ ಆಗ ಐದನೆಯ ಇಯತ್ತೆಯಲ್ಲಿದ್ದನು. ಉಳವಿಗೆ ಹೊರಡುವ ಕಾರಿನಲ್ಲಿ ಅವನದೂ ಒಂದು ಸೀಟಿತ್ತು.

ಮರುದಿನ ಮೆಲ್ಲಗೆ ಓಡಿಸಿಕೊಂಡು ಖಾನಾಪುರಕ್ಕೆ ಹೋದೆವು. ಟೈರಿನವನು ಬಿಚ್ಚಿ, ಒಳಮೈಯನ್ನು ಬೆಳಕಿಗೆ ಹಿಡಿದು ತೋರಿಸಿದನು. ಮುಂದಿನ ಬಲಗಾಲಿಯದರಲ್ಲಿ ಅಂಗೈಯಗಲ ಪದರ ಉಬ್ಬಿತ್ತು. “ಹೊರಗ ಹರೇದ ಹುಡುಗ ಕಂಡಂಗ ಕಾಣ್ತೈತ್ರಿ ಅಜ್ಜಾರ, ಒಳಗ ಮುದುಕ ಆಗೈತಿ” ಎಂದನು. ಕಾಕಾ ಅವರು ನಕ್ಕರು. 2019ರ ಟೈರಿನ ಒಳಮೈ ಸ್ವಚ್ಛವಾಗಿತ್ತು. ಅದನ್ನು ಸ್ಟೆಪ್ನಿಯಾಗಿ ಇರಿಸಿ, ಅಂಕಿ ಓದಿ ಆರಿಸಿದ ನಾಲ್ಕು ಹೊಸ ಟೈರುಗಳನ್ನು ಹಾಕಿಸಿದೆವು. ಒಂದಕ್ಕೆ ಮೂರೂವರೆ ಸಾವಿರದಂತೆ ಹದಿನಾಲ್ಕು ಸಾವಿರ ರೂಪಾಯಿಗಳಾದವು. ಒಮ್ಮೆಲೇ ನಾಲ್ಕಕ್ಕೆ ಹಣ ಹೊಂದಿಸಲಾಗದವರು ಎರಡನ್ನಾದರೂ ಹಾಕಿಸಲಿ. ಆದರೆ ಹೊಸವು ಹಿಂದಿನ ಗಾಲಿಗಳಿಗೆ ಹೋಗಬೇಕು. ಮುಂದಕ್ಕೆ ಹಾಕುವುದೇ ನಮ್ಮಲ್ಲಿ ರೂಢಿ, ಅದು ತಪ್ಪು. ಮುಂದಿನ ಗಾಲಿ ಜಾರಿದರೆ ಚಾಲಕನಿಗೆ ತಿಳಿಯುತ್ತದೆ, ಸಾವರಿಸಿಕೊಳ್ಳಬಹುದು. ಹಿಂದಿನದು ಜಾರಿದರೆ ಕಾರೇ ತಿರುಗಿ ನಿಲ್ಲುತ್ತದೆ.

ಹಳೆಯ ಟೈರುಗಳನ್ನು ಅಂಗಡಿಯಲ್ಲಿ ಬಿಟ್ಟುಬರಲು ಕಾಕಾ ಅವರ ಮನಸ್ಸು ಒಪ್ಪಲಿಲ್ಲ. ಉಬ್ಬಿದ್ದನ್ನು ಬಿಟ್ಟು ಉಳಿದವುಗಳನ್ನು ನಂದಗಡದ ಕಡೆಯ ಸಂಬಂಧಿಕರೊಬ್ಬರ ಸಣ್ಣ ಟೈರುಗಾಡಿಗೆ ಕೊಟ್ಟರು. ಇದಕ್ಕೆ ನಮ್ಮ ಅಡ್ಡಿಯಿರಲಿಲ್ಲ. ಎತ್ತಿನ ನಡಿಗೆಯ ವೇಗಕ್ಕೆ ಟೈರು ಕಾಯುವುದಿಲ್ಲ. ಗೊಬ್ಬರ ಹೇರಲು ಅವು ಇನ್ನೂ ಎಷ್ಟೋ ದಿನ ಬಂದಾವು.

ಜಾತ್ರೆಯ ದಿನ ಉಳವಿಯಲ್ಲಿ ಗಾಡಿಗಳ ಸಾಲು, ಕೊಲ್ಲಾರಿ ಬಂಡಿಗಳು, ಎತ್ತುಗಳ ಗಂಟೆಯ ನಾದ, ಅದರಾಚೆ ಮರಗಳ ಕೆಳಗೆ ಕಾರುಗಳು. ದರ್ಶನ ಮುಗಿಸಿ ಪ್ರಸಾದ ಸ್ವೀಕರಿಸಿ ಮರಳುವಾಗ ಕಾಕಾ ಅವರು ಕಾಣಲಿಲ್ಲ. ಹುಡುಕಿದರೆ, ಹಳಿಯಾಳದಿಂದ ಬಂದಿದ್ದ ಬೀಗರ ಕಾರಿನ ಬಳಿ ಮೊಣಕಾಲೂರಿ, ಮೊಮ್ಮಗನ ಕೈಯಲ್ಲಿ ಟಾರ್ಚು ಹಿಡಿಸಿ ಟೈರು ಓದುತ್ತಿದ್ದರು. ಹಿಂದಿನ ಎರಡೂ 2210. ಬೀಗರು, “ಬಟನ್ ಛಲೋ ಅದಾವಲ್ರಿ” ಎಂದರು. ಹದಿನೈದು ದಿನದ ಹಿಂದೆ ತಾವೇ ಆಡಿದ್ದ ಮಾತನ್ನು ಕೇಳಿ ಕಾಕಾ ಅವರು ನಮ್ಮತ್ತ ಒಮ್ಮೆ ನೋಡಿದರು. ಆಮೇಲೆ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ವಾರ, ವರ್ಷಗಳ ಲೆಕ್ಕ ಹೇಳತೊಡಗಿದರು. ದಾಂಡೇಲಿಯವರೆಗೆ ನಲವತ್ತರ ವೇಗ ಮೀರದೆ ಹೋಗಿ, ಅಲ್ಲಿ ಎರಡು ಹೊಸ ಟೈರುಗಳನ್ನು ಹಿಂದಿನ ಗಾಲಿಗಳಿಗೆ ಹಾಕಿಸಿಕೊಂಡು ಊರು ಸೇರಿದೆವೆಂದು ಆ ರಾತ್ರಿಯೇ ಬೀಗರ ಮನೆಯಿಂದ ಫೋನು ಬಂದಿತು.